ವಕೀಲರಿಲ್ಲದೆ ವಿಚ್ಛೇದನದ ಕಾಗದಪತ್ರ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಬಹುಪಾಲು ಮನೆಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಉಂಡರೂ ತೀರದ, ಮಲಗಿ ಎದ್ದರೂ ಆರದ ಜಗಳಗಳೂ ಲೋಕದಲ್ಲಿವೆ. ಹಿರಿಯರು ಕುಳಿತು ಬುದ್ಧಿ ಹೇಳಿದ್ದಾಯಿತು; ತವರಿನವರು ಬಂದು ಹೋದದ್ದಾಯಿತು; ಇಂದು ಸರಿಹೋದೀತು, ನಾಳೆ ಸರಿಹೋದೀತು ಎಂದು ವರ್ಷಗಟ್ಟಲೆ ಕಾದದ್ದೂ ಆಯಿತು. ಇನ್ನು ಕೂಡಿ ಬಾಳುವುದು ಆಗದ ಮಾತೆಂದು ಇಬ್ಬರಿಗೋ, ಇಲ್ಲವೆ ಒಬ್ಬರಿಗಾದರೋ, ಖಚಿತವಾದಾಗ ಅವರು ನ್ಯಾಯಾಲಯದ ಬಾಗಿಲಿಗೆ ಬರುತ್ತಾರೆ. ಹೀಗೆ ಬರುವವರಲ್ಲಿ ಕೆಲವರಿಗೆ ವಕೀಲರನ್ನು ಇಟ್ಟುಕೊಳ್ಳುವ ಅನುಕೂಲವಿರುವುದಿಲ್ಲ. ಇನ್ನು ಕೆಲವರಿಗೆ ತಮ್ಮ ಮನೆಯ ಮಾತನ್ನು ತಾವೇ ಹೇಳಿಕೊಳ್ಳಬೇಕೆಂಬ ಇಚ್ಛೆ ಇರುತ್ತದೆ. ಈ ಭಾಷಣ ಅಂಥವರಿಗಾಗಿ. ಅಂಥವರಿಗೆ ಹತ್ತಿರದ ಅಣ್ಣ, ಅಕ್ಕ, ತಂದೆ, ತಾಯಿಯರಿಗಾಗಿಯೂ ಹೌದು.

ವಿಚ್ಛೇದನ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ಇಲ್ಲಿ ಕೈಹಾಕುವುದಿಲ್ಲ. ಅದು ಅವರವರ ಬಾಳಿನ ಪ್ರಶ್ನೆ. ನಾನು ಹೇಳಬೇಕೆಂದಿರುವುದು ಕಾಗದಪತ್ರಗಳ ಮಾತು. ಕೋರ್ಟಿನ ಕಾಗದವೆಂದರೆ ನಮ್ಮ ಜನರಿಗೆ ಒಂದು ಬಗೆಯ ಭಯ. ಆ ಭಯದಲ್ಲಿ ಎರಡು ಬಗೆಯ ತಪ್ಪುಗಳಾಗುತ್ತವೆ. ಒಂದು, ಕಾಗದವನ್ನೇ ಮುಟ್ಟದೆ ದೂರ ಉಳಿಯುವುದು. ಇನ್ನೊಂದು, ಯಾರೋ ತೋರಿಸಿದ ಜಾಗದಲ್ಲಿ ಓದದೆ ರುಜು ಹಾಕುವುದು. ಎರಡರಿಂದಲೂ ಆಗುವ ನಷ್ಟವನ್ನು ಆಮೇಲೆ ತುಂಬಿಕೊಳ್ಳುವುದು ಕಷ್ಟ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳೋಣ. ಛಾಪಾ ಕಾಗದದ ಮೇಲೆ ‘ನಾವಿಬ್ಬರೂ ಇಂದಿನಿಂದ ಬೇರೆಯಾಗಿದ್ದೇವೆ, ಒಬ್ಬರ ಮೇಲೆ ಒಬ್ಬರಿಗೆ ಹಕ್ಕಿಲ್ಲ’ ಎಂದು ಬರೆದು, ನೋಟರಿಯ ಮುದ್ರೆ ಒತ್ತಿಸಿ, ಪಂಚರ ರುಜು ಹಾಕಿಸಿಬಿಟ್ಟರೆ ವಿವಾಹ ಕಳೆಯಿತೆಂದು ಇಂದಿಗೂ ಎಷ್ಟೋ ಜನ ನಂಬಿದ್ದಾರೆ. ೧೯೫೫ರ ಹಿಂದೂ ವಿವಾಹ ಕಾಯಿದೆಗೆ ಒಳಪಟ್ಟವರ ವಿವಾಹ ಇಂಥ ಕಾಗದದಿಂದ ಮುಗಿಯುವುದಿಲ್ಲ. ಅದೇ ಕಾಯಿದೆಯ ೨೯ನೆಯ ಕಲಮು ಕೆಲವು ಜಾತಿ ಪಂಗಡಗಳಲ್ಲಿ ಹಿಂದಿನಿಂದ ನಡೆದುಬಂದ ಬಿಡುಗಡೆಯ ರೂಢಿಯನ್ನು ಉಳಿಸಿದೆ ನಿಜ. ಆದರೆ ಅಂಥ ರೂಢಿ ತಮ್ಮಲ್ಲಿ ಇದೆಯೆಂದು ಹೇಳುವವರು ಅದು ಹಳೆಯದು, ಎಡೆಬಿಡದೆ ನಡೆದುಬಂದದ್ದು ಎಂಬುದನ್ನು ಸಾಕ್ಷ್ಯದಿಂದ ಸಿದ್ಧಪಡಿಸಬೇಕಾಗುತ್ತದೆ. ಸಿದ್ಧಪಡಿಸಲಾಗದೆ ಹೋದರೆ ಮೊದಲ ವಿವಾಹ ಹಾಗೆಯೇ ಉಳಿಯಿತು. ಆ ಕಾಗದವನ್ನು ನಂಬಿ ಇನ್ನೊಂದು ಮದುವೆ ಮಾಡಿಕೊಂಡವರ ಎರಡನೆಯ ಮದುವೆ ಅಸಿಂಧು. ಅಷ್ಟೇ ಅಲ್ಲ, ಈಗ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೮೨ನೆಯ ಕಲಮಿನಂತೆ ಅದು ಏಳು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಆದ್ದರಿಂದ ನೋಟರಿಯ ಮುದ್ರೆಗೂ ನ್ಯಾಯಾಲಯದ ಡಿಕ್ರಿಗೂ ಇರುವ ಅಂತರವನ್ನು ಮರೆಯಬೇಡಿ.

ಇನ್ನು ವಕೀಲರಿಲ್ಲದೆ ಕೋರ್ಟಿಗೆ ಹೋಗಬಹುದೇ? ಹೋಗಬಹುದು. ೧೯೮೪ರ ಕುಟುಂಬ ನ್ಯಾಯಾಲಯಗಳ ಕಾಯಿದೆ ಈ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ೧೩ನೆಯ ಕಲಮಿನಂತೆ ಕುಟುಂಬ ನ್ಯಾಯಾಲಯದಲ್ಲಿ ವಕೀಲರ ಮೂಲಕವೇ ವಾದಿಸುತ್ತೇನೆಂಬ ಹಕ್ಕು ಯಾವ ಪಕ್ಷಕ್ಕೂ ಇಲ್ಲ. ಅದಕ್ಕೆ ನ್ಯಾಯಾಲಯದ ಅನುಮತಿ ಬೇಕು. ವಾಸ್ತವದಲ್ಲಿ ಈ ಅನುಮತಿ ಸುಲಭವಾಗಿ ದೊರೆಯುತ್ತದೆ, ವಕೀಲರು ಅಲ್ಲಿ ಹಾಜರಾಗುತ್ತಲೂ ಇದ್ದಾರೆ. ಆದರೂ ಕಾಯಿದೆಯ ಆಶಯ ಸ್ಪಷ್ಟ: ಗಂಡ ಹೆಂಡಿರು ತಮ್ಮ ಮಾತನ್ನು ತಾವೇ ಆಡಲಿ, ನ್ಯಾಯಾಧೀಶರು ಅದನ್ನು ನೇರವಾಗಿ ಕೇಳಲಿ ಎಂಬುದು. ವಿಷಯ ತೊಡಕಿನದಾದರೆ ನ್ಯಾಯಾಲಯವೇ ತನ್ನ ನೆರವಿಗೆ ಒಬ್ಬ ಕಾನೂನು ತಜ್ಞರನ್ನು ನೇಮಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಈ ನ್ಯಾಯಾಲಯಗಳು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲವೆಂಬ ಕಟ್ಟಡದಲ್ಲಿ ನಡೆಯುತ್ತವೆ. ಕುಟುಂಬ ನ್ಯಾಯಾಲಯವಿಲ್ಲದ ಊರುಗಳಲ್ಲಿ ಇದೇ ಅರ್ಜಿ ಸಿವಿಲ್ ನ್ಯಾಯಾಲಯದ ಮುಂದೆ ಬರುತ್ತದೆ. ಅಲ್ಲಿಯೂ ತನ್ನ ಪ್ರಕರಣವನ್ನು ತಾನೇ ನಡೆಸಲು ಯಾವ ಅಡ್ಡಿಯೂ ಇಲ್ಲ.

ಯಾವ ಊರಿನ ಕೋರ್ಟು ಎಂಬುದು ಮುಂದಿನ ಪ್ರಶ್ನೆ. ವಿವಾಹ ನಡೆದ ಊರು, ಎದುರು ಪಕ್ಷದವರು ಈಗ ವಾಸವಾಗಿರುವ ಊರು, ಇಬ್ಬರೂ ಕೊನೆಯದಾಗಿ ಕೂಡಿ ಬಾಳಿದ ಊರು, ಈ ಮೂರರಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ೨೦೦೩ರ ತಿದ್ದುಪಡಿಯಿಂದ ಹೆಂಡತಿಗೆ ಇನ್ನೊಂದು ಅನುಕೂಲ ಸೇರಿದೆ. ಅರ್ಜಿದಾರಳು ಆಕೆಯೇ ಆಗಿದ್ದರೆ ತಾನು ಈಗ ವಾಸಿಸುತ್ತಿರುವ ಊರಿನಲ್ಲೇ ಹಾಕಬಹುದು. ಹುಬ್ಬಳ್ಳಿಯಲ್ಲಿ ಸಂಸಾರ ಮಾಡಿ, ಈಗ ಶಿವಮೊಗ್ಗದ ತವರಿನಲ್ಲಿರುವ ಹೆಣ್ಣುಮಗಳು ಪ್ರತಿ ವಾಯಿದೆಗೂ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ. ವಿವಾಹವಾಗಿ ಒಂದು ವರ್ಷ ತುಂಬುವ ಮುನ್ನ ಸಾಮಾನ್ಯವಾಗಿ ಅರ್ಜಿಯನ್ನು ತೆಗೆದುಕೊಳ್ಳುವುದಿಲ್ಲ. ಅಸಾಧಾರಣ ಕಷ್ಟವೇನಾದರೂ ಇದ್ದರೆ ಮಾತ್ರ ನ್ಯಾಯಾಲಯ ಅನುಮತಿ ಕೊಡುತ್ತದೆ.

ಇಷ್ಟು ತಿಳಿದ ಮೇಲೆ ಅರ್ಜಿಯ ಬರವಣಿಗೆಗೆ ಬರೋಣ. ಇಬ್ಬರ ಒಪ್ಪಿಗೆ ಇಲ್ಲದೆ ಒಬ್ಬರೇ ವಿಚ್ಛೇದನ ಬೇಡುವಾಗ ಕಾಯಿದೆ ಹೇಳಿದ ಕಾರಣಗಳಲ್ಲಿ ಒಂದಾದರೂ ಇರಬೇಕು. ಪರಸಂಗ, ಕ್ರೌರ್ಯ, ಅರ್ಜಿಯ ಹಿಂದಿನ ಎರಡು ವರ್ಷಗಳಿಗೆ ಕಡಿಮೆಯಿಲ್ಲದಷ್ಟು ಕಾಲ ಎಡೆಬಿಡದೆ ತೊರೆದಿರುವುದು, ಮತಾಂತರ, ಕೂಡಿ ಬಾಳಲಾಗದಷ್ಟು ತೀವ್ರವಾದ ಮನೋವ್ಯಾಧಿ, ಏಳು ವರ್ಷ ಬದುಕಿರುವ ಸುದ್ದಿಯೇ ಇಲ್ಲದಿರುವುದು ಇವು ಅವುಗಳಲ್ಲಿ ಮುಖ್ಯವಾದವು. ‘ನಮ್ಮ ಸಂಸಾರ ಸರಿಪಡಿಸಲಾಗದಷ್ಟು ಮುರಿದಿದೆ’ ಎಂಬುದು ತಾನೇ ಒಂದು ಕಾರಣವೆಂದು ೧೯೫೫ರ ಕಾಯಿದೆಯಲ್ಲಿ ಇಲ್ಲ. ಆ ನೆಲೆಯ ಮೇಲೆ ವಿವಾಹವನ್ನು ಕಳೆಯಬಲ್ಲ ವಿಶೇಷಾಧಿಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಇದೆಯೆಂದು ೨೦೨೩ರಲ್ಲಿ ಅದರ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಕುಟುಂಬ ನ್ಯಾಯಾಲಯಕ್ಕೆ ಆ ಅಧಿಕಾರವಿಲ್ಲ. ಕ್ರಿಶ್ಚಿಯನ್ನರಿಗೆ ೧೮೬೯ರ ವಿಚ್ಛೇದನ ಕಾಯಿದೆ, ಮುಸ್ಲಿಂ ಸ್ತ್ರೀಯರಿಗೆ ೧೯೩೯ರ ವಿವಾಹ ರದ್ದತಿ ಕಾಯಿದೆ, ನೋಂದಣಾಧಿಕಾರಿಯ ಮುಂದೆ ವಿಶೇಷ ವಿವಾಹವಾದವರಿಗೆ ೧೯೫೪ರ ಕಾಯಿದೆ ಅನ್ವಯಿಸುತ್ತದೆ. ಕಲಮುಗಳು ಬೇರೆಯಾದರೂ ಅರ್ಜಿ ಬರೆಯುವ ಕ್ರಮ ಬಹುಮಟ್ಟಿಗೆ ಒಂದೇ.

ಅರ್ಜಿಯಲ್ಲಿ ಇರಬೇಕಾದದ್ದು ಇಷ್ಟು. ಇಬ್ಬರ ಹೆಸರು, ವಯಸ್ಸು, ಉದ್ಯೋಗ, ಪೂರ್ಣ ವಿಳಾಸ. ವಿವಾಹ ನಡೆದ ತಾರೀಖು ಮತ್ತು ಸ್ಥಳ. ಎಲ್ಲಿಂದ ಎಲ್ಲಿಯವರೆಗೆ ಕೂಡಿ ಬಾಳಿದಿರಿ ಎಂಬುದು. ಮಕ್ಕಳಿದ್ದರೆ ಅವರ ಹೆಸರು, ಹುಟ್ಟಿದ ದಿನ, ಈಗ ಯಾರ ಬಳಿ ಇದ್ದಾರೆ ಎಂಬುದು. ವಿಚ್ಛೇದನಕ್ಕೆ ಕಾರಣವಾದ ಸಂಗತಿಗಳು. ಹಿಂದೆ ಇದೇ ವಿಷಯವಾಗಿ ಬೇರೆ ಯಾವುದಾದರೂ ಕೋರ್ಟಿನಲ್ಲಿ ಪ್ರಕರಣ ನಡೆದಿದ್ದರೆ ಅದರ ವಿವರ. ಇಬ್ಬರೂ ಒಳಗೊಳಗೇ ಸೇರಿಕೊಂಡು ನ್ಯಾಯಾಲಯವನ್ನು ವಂಚಿಸುತ್ತಿಲ್ಲ ಎಂಬ ಮಾತು. ಈ ಕೋರ್ಟಿಗೆ ಏಕೆ ಬಂದಿರಿ ಎಂಬುದು. ಕಡೆಯಲ್ಲಿ, ಏನು ಬೇಡುತ್ತೀರಿ ಎಂಬ ಪ್ರಾರ್ಥನೆ. ಪ್ರತಿ ಸಂಗತಿಯೂ ಒಂದೊಂದು ಪ್ಯಾರಾ. ಪ್ರತಿ ಪ್ಯಾರಾಕ್ಕೂ ಒಂದೊಂದು ಅಂಕಿ. ಜಿಲ್ಲೆ ತಾಲ್ಲೂಕುಗಳ ನ್ಯಾಯಾಲಯಗಳಲ್ಲಿ ಕನ್ನಡದಲ್ಲೇ ಅರ್ಜಿ ಬರೆಯಬಹುದು. ಇಂಗ್ಲಿಷು ಬಾರದೆಂದು ಹಿಂಜರಿಯಬೇಕಾಗಿಲ್ಲ.

ಬರೆಯಲು ಕೂರುವ ಮುನ್ನ ಒಂದು ಹಾಳೆಯಲ್ಲಿ ಬರಿಯ ತಾರೀಖುಗಳನ್ನು ಬರೆದುಕೊಳ್ಳಿ. ನಿಶ್ಚಿತಾರ್ಥ, ಮದುವೆ, ಮನೆ ಮಾಡಿದ್ದು, ಮಗು ಹುಟ್ಟಿದ್ದು, ಮೊದಲ ಜಗಳ, ಆಸ್ಪತ್ರೆ, ರಾಜಿ ಪಂಚಾಯಿತಿ, ಮನೆ ಬಿಟ್ಟದ್ದು. ನೆನಪು ಮಸಕಾದ ಕಡೆ ಬಸ್ಸಿನ ಟಿಕೆಟ್ಟು, ಬ್ಯಾಂಕಿನ ಪುಸ್ತಕ, ವೈದ್ಯರ ಚೀಟಿ, ಶಾಲೆಯ ವರ್ಗಾವಣೆ ಪತ್ರ ಇವು ನೆರವಿಗೆ ಬರುತ್ತವೆ. ತಾರೀಖು ಖಚಿತವಾಗಿ ಗೊತ್ತಿಲ್ಲದಿದ್ದರೆ ‘ಸುಮಾರು ಆ ತಿಂಗಳಲ್ಲಿ’ ಎಂದು ಬರೆಯಿರಿ. ಊಹಿಸಿ ಒಂದು ದಿನವನ್ನು ಹಾಕಬೇಡಿ. ಎದುರಿನವರ ಪ್ರಶ್ನೆಗೆ ಆ ಒಂದು ದಿನ ಸುಳ್ಳಾದರೆ ಉಳಿದ ನಿಜದ ಮೇಲೂ ಅನುಮಾನದ ನೆರಳು ಬೀಳುತ್ತದೆ.

ವಾಕ್ಯಗಳ ವಿಷಯದಲ್ಲಿ ಒಂದು ಉದಾಹರಣೆ ಕೊಡುತ್ತೇನೆ. ‘ಎದುರುದಾರರು ಮೊದಲಿನಿಂದಲೂ ನನಗೆ ಅಪಾರವಾದ ಹಿಂಸೆ ಕೊಟ್ಟು ನನ್ನ ಬಾಳನ್ನೇ ನರಕ ಮಾಡಿದರು’ ಎಂದು ಬರೆದರೆ ಬರೆದವರ ಹೊಟ್ಟೆಯ ಸಂಕಟ ತಿಳಿಯುತ್ತದೆ, ಸಂಗತಿ ಏನೂ ತಿಳಿಯುವುದಿಲ್ಲ. ಅದರ ಬದಲು, ‘ಇಂಥ ವರ್ಷ ಆಗಸ್ಟ್ ೧೪ರ ರಾತ್ರಿ ಎದುರುದಾರರು ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಆ ರಾತ್ರಿ ಪಕ್ಕದ ಮನೆಯಲ್ಲಿದ್ದು ಮರುದಿನ ತವರಿಗೆ ಬಂದೆ. ಅಂದಿನಿಂದ ಇಂದಿನವರೆಗೆ ಅವರು ಕರೆಯಲು ಬಂದಿಲ್ಲ, ಖರ್ಚಿಗೆ ಹಣ ಕಳಿಸಿಲ್ಲ’ ಎಂದು ಬರೆದು ನೋಡಿ. ಇಲ್ಲಿ ಒಂದೂ ಬೈಗುಳವಿಲ್ಲ. ಆದರೂ ನ್ಯಾಯಾಧೀಶರ ಮುಂದೆ ಒಂದು ರಾತ್ರಿ, ಒಂದು ಬಾಗಿಲು, ಸಾಕ್ಷಿ ಹೇಳಬಲ್ಲ ಒಂದು ನೆರೆಮನೆ ಬಂದು ನಿಂತವು. ಅತ್ತೆಯ ಗುಣ, ನಾದಿನಿಯ ನಡತೆ, ಬೀಗರು ಮದುವೆಯಲ್ಲಿ ಮಾಡಿದ ಅವಮರ್ಯಾದೆ ಎಲ್ಲವನ್ನೂ ಸೇರಿಸುತ್ತ ಹೋದರೆ ಅರ್ಜಿ ದಪ್ಪವಾಗುತ್ತದೆ, ಬಲವಾಗುವುದಿಲ್ಲ. ನೀವು ಬರೆದ ಒಂದೊಂದು ಮಾತಿಗೂ ಮುಂದೆ ಕಟಕಟೆಯಲ್ಲಿ ನಿಂತು ನೀವೇ ಉತ್ತರ ಕೊಡಬೇಕೆಂಬುದು ನೆನಪಿರಲಿ.

ಅರ್ಜಿಯ ಕೊನೆಯಲ್ಲಿ ಪರಿಶೀಲನೆಯ ಒಕ್ಕಣೆ ಇರುತ್ತದೆ. ಇಷ್ಟನೆಯ ಪ್ಯಾರಾದಿಂದ ಇಷ್ಟನೆಯದರವರೆಗೆ ನನ್ನ ಸ್ವಂತ ತಿಳಿವಳಿಕೆಯಿಂದ ನಿಜ, ಉಳಿದದ್ದು ಬೇರೆಯವರಿಂದ ಕೇಳಿ ನಿಜವೆಂದು ನಂಬಿದ್ದೇನೆ ಎಂದು ಬರೆದು ರುಜು ಹಾಕಬೇಕು. ಇದರ ಜೊತೆಗೆ ಪ್ರಮಾಣಪತ್ರವೂ ಹೋಗುತ್ತದೆ. ಇವೆರಡನ್ನೂ ಬರಿಯ ಶಾಸ್ತ್ರವೆಂದು ತಿಳಿಯಬೇಡಿ. ಪ್ರಮಾಣಪತ್ರದಲ್ಲಿ ಬೇಕೆಂದೇ ಸುಳ್ಳು ಹೇಳುವುದು ಶಿಕ್ಷಾರ್ಹ ಅಪರಾಧ.

ಅರ್ಜಿಯೊಡನೆ ಲಗತ್ತಿಸಬೇಕಾದವು: ವಿವಾಹದ ನೋಂದಣಿ ಪತ್ರ, ಇಬ್ಬರ ವಿಳಾಸದ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರ, ನಿಮ್ಮ ಮಾತಿಗೆ ಆಧಾರವಾದ ಕಾಗದಗಳು. ನೋಂದಣಿ ಮಾಡಿಸಿಲ್ಲದಿದ್ದರೆ ಅಧೈರ್ಯ ಬೇಡ. ನೋಂದಣಿಯಾಗದ ಮಾತ್ರಕ್ಕೆ ಹಿಂದೂ ವಿವಾಹ ಅಸಿಂಧುವಾಗುವುದಿಲ್ಲ. ಲಗ್ನಪತ್ರಿಕೆಯೂ ಮದುವೆಯ ಫೋಟೋಗಳೂ ಆ ಕೆಲಸಕ್ಕೆ ಬರುತ್ತವೆ. ಎಲ್ಲಕ್ಕೂ ಪುಟದ ಅಂಕಿ ಹಾಕಿ, ಮುಂದೆ ಒಂದು ಪಟ್ಟಿ ಇಡಿ. ಕನಿಷ್ಠ ಮೂರು ಪ್ರತಿ ಇರಲಿ: ಕೋರ್ಟಿಗೊಂದು, ಎದುರುದಾರರಿಗೊಂದು, ನಿಮ್ಮ ಮನೆಗೊಂದು. ಈ ಮೂರನೆಯದೇ ನಿಮ್ಮ ಕಣ್ಣು. ಅದನ್ನು ಯಾರಿಗೂ ಕೊಟ್ಟುಬಿಡಬೇಡಿ.

ಕಚೇರಿಯಲ್ಲಿ ಅರ್ಜಿ ಕೊಟ್ಟ ಮೇಲೆ ಶಿರಸ್ತೇದಾರರು ಅದನ್ನು ನೋಡಿ, ಕೊರತೆಯಿದ್ದರೆ ಆಕ್ಷೇಪಣೆ ಬರೆಯುತ್ತಾರೆ. ಫೀ ಸಾಲದು, ರುಜು ಬಿಟ್ಟಿದೆ, ಪ್ರತಿ ಕಡಿಮೆಯಿದೆ ಎಂಬಂಥವು ಅವು. ಆಕ್ಷೇಪಣೆ ಬಂದಿತೆಂದರೆ ಅರ್ಜಿ ವಜಾ ಆಯಿತೆಂದಲ್ಲ. ಸರಿಪಡಿಸಿ ತಿರುಗಿ ಕೊಟ್ಟರಾಯಿತು. ಬಳಿಕ ಎಂ.ಸಿ. ಎಂಬ ಅಕ್ಷರಗಳೊಡನೆ ಒಂದು ನಂಬರೂ ವರ್ಷವೂ ಬೀಳುತ್ತವೆ. ಇದಲ್ಲದೆ ಹದಿನಾರು ಅಕ್ಷರ ಅಂಕಿಗಳ ಸಿ.ಎನ್.ಆರ್. ಎಂಬ ಇನ್ನೊಂದು ಗುರುತು ಉಂಟು. ಅದನ್ನು ಬರೆದಿಟ್ಟುಕೊಂಡರೆ ಇ-ಕೋರ್ಟ್ಸ್ ಸೇವೆಯಲ್ಲಿ ಮುಂದಿನ ವಾಯಿದೆ ಎಂದು, ಕಳೆದ ವಾಯಿದೆಯಲ್ಲಿ ಏನಾಯಿತು ಎಂಬುದನ್ನು ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ನೋಡಬಹುದು. ‘ಇಂದು ನಿಮ್ಮ ಕೇಸಿಲ್ಲ, ನಾನು ನೋಡಿಕೊಳ್ಳುತ್ತೇನೆ, ಇಷ್ಟು ಕೊಡಿ’ ಎನ್ನುವ ಮಧ್ಯವರ್ತಿಗಳಿಂದ ಪಾರಾಗಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಇಬ್ಬರೂ ಒಪ್ಪಿ ಬೇರೆಯಾಗುವುದಾದರೆ ಕಾಗದದ ಕೆಲಸ ಬಹಳ ಹಗುರ. ೧೯೭೬ರಲ್ಲಿ ಕಾಯಿದೆಗೆ ಸೇರಿದ ೧೩-ಬಿ ಕಲಮು ಇದಕ್ಕೆ ದಾರಿ ಮಾಡಿದೆ. ಇಬ್ಬರೂ ಸೇರಿ ಒಂದೇ ಅರ್ಜಿ ಹಾಕಬೇಕು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲದಿಂದ ಬೇರೆ ಬೇರೆ ಇದ್ದೇವೆ, ಕೂಡಿ ಬಾಳಲು ಆಗಿಲ್ಲ, ವಿವಾಹ ಕಳೆಯಲೆಂದು ಇಬ್ಬರೂ ಒಪ್ಪಿದ್ದೇವೆ ಎಂಬ ಮೂರು ಮಾತು ಅದರಲ್ಲಿರಬೇಕು. ಬೇರೆ ಬೇರೆ ಇರುವುದೆಂದರೆ ಗಂಡ ಹೆಂಡಿರಾಗಿ ಬಾಳದಿರುವುದು. ಅನಿವಾರ್ಯದಿಂದ ಒಂದೇ ಸೂರಿನ ಕೆಳಗಿದ್ದರೂ ಇದು ಸಾಧ್ಯವೆಂದು ಸರ್ವೋಚ್ಚ ನ್ಯಾಯಾಲಯ ೧೯೯೧ರಲ್ಲಿ ಹೇಳಿತು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಳೆದು, ಹದಿನೆಂಟು ತಿಂಗಳು ಮೀರುವುದರೊಳಗೆ, ಇಬ್ಬರೂ ತಿರುಗಿ ಬಂದು ‘ನಮ್ಮ ಮನಸ್ಸು ಬದಲಾಗಿಲ್ಲ’ ಎನ್ನಬೇಕು. ಈ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಸಂದರ್ಭದಲ್ಲಿ ನ್ಯಾಯಾಲಯ ಮನ್ನಿಸಬಹುದೆಂದು ೨೦೧೭ರ ತೀರ್ಪೊಂದರಿಂದ ಸ್ಪಷ್ಟವಾಗಿದೆ. ಅದಕ್ಕೆ ಇಬ್ಬರೂ ಬೇರೆಯಾಗಿ ಆಗಲೇ ಬಹುಕಾಲವಾಗಿರಬೇಕು, ರಾಜಿಯ ಪ್ರಯತ್ನ ವಿಫಲವಾಗಿರಬೇಕು, ಜೀವನಾಂಶ, ಮಕ್ಕಳು ಇತ್ಯಾದಿ ಎಲ್ಲ ವಿಷಯಗಳೂ ತೀರ್ಮಾನವಾಗಿರಬೇಕು. ಕಾಯುವಿಕೆಯ ಮನ್ನಾ ಬೇಕೆಂದರೆ ಬೇರೊಂದು ಅರ್ಜಿಯಲ್ಲಿ ಕಾರಣ ಬರೆದು ಕೇಳಬೇಕು.

ಒಪ್ಪಿಗೆಯ ವಿಚ್ಛೇದನದಲ್ಲಿ ವಕೀಲರಿಲ್ಲದವರು ಎಡವುವುದು ಸಾಮಾನ್ಯವಾಗಿ ಒಪ್ಪಂದದ ಕಾಗದದಲ್ಲಿ. ‘ಗಂಡನು ಸೂಕ್ತ ಹಣ ಕೊಡತಕ್ಕದ್ದು, ಮಗುವನ್ನು ಆಗಾಗ ನೋಡತಕ್ಕದ್ದು’ ಎಂಬಂಥ ಒಕ್ಕಣೆ ಮುಂದೆ ಹತ್ತು ಜಗಳಕ್ಕೆ ಬೀಜ. ಎಷ್ಟು ಹಣ, ಯಾವ ತಾರೀಖಿನೊಳಗೆ, ಒಟ್ಟಿಗೋ ಕಂತಿನಲ್ಲೋ, ಯಾವ ಬ್ಯಾಂಕಿನ ಮೂಲಕ, ಕೊಡದಿದ್ದರೆ ಏನು ಎಂಬುದೆಲ್ಲ ಬರೆದಿರಲಿ. ಮಗು ಯಾರ ಬಳಿ ಇರುವುದು, ಇನ್ನೊಬ್ಬರು ಯಾವ ವಾರ, ಎಷ್ಟು ಹೊತ್ತಿಗೆ ಬಂದು ಕರೆದೊಯ್ಯುವುದು, ಬೇಸಗೆಯ ರಜೆ, ದಸರಾ ರಜೆಗಳಲ್ಲಿ ಎಲ್ಲಿ, ಶಾಲೆಯ ಫೀ ಯಾರದು ಎಂಬುದಿರಲಿ. ತವರಿನವರು ಕೊಟ್ಟ ಒಡವೆ, ಪಾತ್ರೆ, ಮಂಚ, ಬೀರು ಇವುಗಳ ಪಟ್ಟಿ ಮಾಡಿ, ಹಿಂತಿರುಗಿಸಿದ್ದಕ್ಕೆ ರಶೀದಿ ಬರೆಸಿಕೊಳ್ಳಿ. ಬೇರೆ ಕಡೆ ಹಾಕಿರುವ ಪ್ರಕರಣಗಳು ಏನಾಗಬೇಕೆಂಬುದೂ ಇದರಲ್ಲಿ ಬರಲಿ. ನ್ಯಾಯಾಧೀಶರು ‘ಈ ಒಪ್ಪಿಗೆ ನಿಮ್ಮದೇ ಮನಸ್ಸಿನದೋ, ಯಾರಾದರೂ ಬಲವಂತ ಮಾಡಿದರೋ’ ಎಂದು ಕೇಳುತ್ತಾರೆ. ಅಣ್ಣನೋ ಮಾವನೋ ಹಿಂದೆ ನಿಂತಿದ್ದರೂ ಆ ಹೊತ್ತಿಗೆ ನಿಜವನ್ನೇ ಹೇಳಿ. ಡಿಕ್ರಿ ಆಗುವ ಮುನ್ನ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕು ಇಬ್ಬರಿಗೂ ಇದೆ.

ಒಪ್ಪಿಗೆಯಿಲ್ಲದ ಪ್ರಕರಣದಲ್ಲಿ ಎದುರುದಾರರಿಗೆ ಸಮನ್ಸು ಹೋಗುತ್ತದೆ. ಟಪಾಲಿನಲ್ಲಿ ಬರಬಹುದು, ಕೋರ್ಟಿನ ಅಮೀನ ಮನೆಗೆ ತರಬಹುದು. ಸಮನ್ಸು ಬಂದ ಮನೆಯವರೂ ನನ್ನ ಮಾತನ್ನು ಓದುತ್ತಿರಬಹುದು. ಅವರಿಗೆ ವಿಶೇಷವಾಗಿ ಹೇಳುತ್ತೇನೆ. ‘ತೆಗೆದುಕೊಂಡರೆ ತಾನೆ ತೊಂದರೆ’ ಎಂದು ತಿರಸ್ಕರಿಸಬೇಡಿ. ತಿರಸ್ಕರಿಸಿದ್ದನ್ನು ನ್ಯಾಯಾಲಯ ಮುಟ್ಟಿದ್ದೆಂದೇ ಎಣಿಸಬಹುದು. ನೀವು ಹೋಗದಿದ್ದರೆ ನಿಮ್ಮ ಬೆನ್ನ ಹಿಂದೆಯೇ ವಿಚಾರಣೆ ನಡೆದು ಏಕಪಕ್ಷೀಯ ಡಿಕ್ರಿ ಆಗಬಹುದು. ಅದನ್ನು ರದ್ದುಮಾಡಿಸಲು ಅರ್ಜಿ ಹಾಕುವ ಅವಧಿ ಡಿಕ್ರಿಯ ದಿನದಿಂದ ಬರಿಯ ಮೂವತ್ತು ದಿನ. ಸಮನ್ಸು ಸರಿಯಾಗಿ ಮುಟ್ಟಿಯೇ ಇರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ ಮೂವತ್ತು ದಿನ. ಆದ್ದರಿಂದ ಸಮನ್ಸು ತೆಗೆದುಕೊಳ್ಳಿ, ತಾರೀಖು ನೋಡಿ, ಆ ದಿನ ಹೋಗಿ. ಉತ್ತರ ಬರೆಯಲು ಸಾಮಾನ್ಯವಾಗಿ ಮೂವತ್ತು ದಿನದ ಕಾಲ. ಕಾರಣ ಹೇಳಿದರೆ ತೊಂಬತ್ತು ದಿನದವರೆಗೆ ಕೊಡಬಹುದು. ಅರ್ಜಿಯ ಒಂದೊಂದು ಪ್ಯಾರಾಕ್ಕೂ ‘ಒಪ್ಪಿದೆ’, ‘ಒಪ್ಪುವುದಿಲ್ಲ, ನಡೆದದ್ದು ಹೀಗೆ’ ಎಂದು ಉತ್ತರ ಬರೆಯಿರಿ. ಉತ್ತರ ಕೊಡದೆ ಬಿಟ್ಟ ಮಾತನ್ನು ನೀವು ಒಪ್ಪಿದಿರೆಂದು ತಿಳಿಯುವ ಸಂಭವ ಉಂಟು.

ಇಬ್ಬರೂ ಹಾಜರಾದ ಮೇಲೆ ನ್ಯಾಯಾಲಯ ಮೊದಲು ರಾಜಿಗೆ ಯತ್ನಿಸುತ್ತದೆ. ಇದು ಕಾಯಿದೆ ವಿಧಿಸಿದ ಕರ್ತವ್ಯ. ಸಮಾಲೋಚಕರ ಬಳಿಗೋ ಮಧ್ಯಸ್ಥಿಕೆ ಕೇಂದ್ರಕ್ಕೋ ಕಳಿಸಿದರೆ ಹೋಗಿ. ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಗೋಪ್ಯ. ಅದನ್ನು ಆಮೇಲೆ ಸಾಕ್ಷ್ಯವಾಗಿ ತರುವಂತಿಲ್ಲ. ಕೂಡಿ ಬಾಳುವುದಕ್ಕೆ ಆಗದೆ ಹೋದರೂ ಜಗಳವಿಲ್ಲದೆ ಬೇರೆಯಾಗುವುದಕ್ಕೆ ದಾರಿ ಅಲ್ಲಿ ಸಿಕ್ಕರೆ ಅದೂ ಒಂದು ಲಾಭವೇ. ಸಿಗದಿದ್ದರೆ ಸಾಕ್ಷ್ಯದ ಹಂತ. ನಿಮ್ಮ ಹೇಳಿಕೆಯನ್ನು ಪ್ರಮಾಣಪತ್ರವಾಗಿ ಬರೆದು ಕೊಡಬೇಕು. ಮೂಲ ದಾಖಲೆಗಳನ್ನು ತೋರಿಸಿ ಗುರುತು ಹಾಕಿಸಬೇಕು. ಎದುರಿನವರ ಪಾಟೀ ಸವಾಲಿಗೆ ಉತ್ತರ ಹೇಳಬೇಕು. ಗೊತ್ತಿದ್ದರೆ ಗೊತ್ತು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ನೆನಪಿಲ್ಲದಿದ್ದರೆ ನೆನಪಿಲ್ಲ, ಇಷ್ಟೇ ಸಾಕು. ಮೊಬೈಲಿನ ಸಂದೇಶಗಳು ಆಧಾರವಾದರೆ ಅವುಗಳ ಮುದ್ರಿತ ಪ್ರತಿಯೊಡನೆ ೨೦೨೩ರ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಕಲಮಿನ ಪ್ರಮಾಣಪತ್ರವನ್ನೂ ಕೊಡಿ. ಸಂದೇಶವಿರುವ ಮೊಬೈಲನ್ನು ಮಾರಿಬಿಡಬೇಡಿ. ಈ ವಿಚಾರಣೆಯನ್ನು ಮುಚ್ಚಿದ ಕೋಣೆಯಲ್ಲಿ ನಡೆಸಬೇಕೆಂದೂ, ಅನುಮತಿಯಿಲ್ಲದೆ ಅದರ ವಿವರವನ್ನು ಅಚ್ಚುಹಾಕಬಾರದೆಂದೂ ಹಿಂದೂ ವಿವಾಹ ಕಾಯಿದೆಯ ೨೨ನೆಯ ಕಲಮು ಹೇಳುತ್ತದೆ. ಮನೆಯ ಮಾತು ಬೀದಿಗೆ ಬೀಳುವುದೆಂಬ ಅಂಜಿಕೆ ಬೇಡ.

ಪ್ರಕರಣ ನಡೆಯುತ್ತಿರುವಾಗ ಹೊಟ್ಟೆಪಾಡು ನಡೆಯಬೇಕಲ್ಲ! ಸ್ವಂತ ವರಮಾನವಿಲ್ಲದವರು, ಹೆಂಡತಿಯಾಗಲಿ ಗಂಡನಾಗಲಿ, ೨೪ನೆಯ ಕಲಮಿನಂತೆ ಮಧ್ಯಂತರ ಜೀವನಾಂಶವನ್ನೂ ಪ್ರಕರಣದ ಖರ್ಚನ್ನೂ ಕೇಳಬಹುದು. ನೋಟೀಸು ಮುಟ್ಟಿದ ಅರವತ್ತು ದಿನಗಳಲ್ಲಿ, ಸಾಧ್ಯವಿದ್ದಷ್ಟು ಮಟ್ಟಿಗೆ, ಇದನ್ನು ತೀರ್ಮಾನಿಸಬೇಕೆಂದು ಕಾಯಿದೆಯೇ ಹೇಳಿದೆ. ಇಬ್ಬರೂ ತಮ್ಮ ವರಮಾನ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೨೦ರಲ್ಲಿ ಗೊತ್ತುಮಾಡಿತು. ಆ ನಮೂನೆ ಉದ್ದವಾದದ್ದು. ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ, ಬಾಡಿಗೆ ಕರಾರು ಇವನ್ನು ಮುಂದಿಟ್ಟುಕೊಂಡು ಎರಡು ಮೂರು ದಿನ ಕುಳಿತು ತುಂಬಿ. ಮುಂದೆ ಶಾಶ್ವತ ಜೀವನಾಂಶವನ್ನು ಡಿಕ್ರಿಯ ಕಾಲದಲ್ಲಿಯೂ ಕೇಳಬಹುದು, ಆಮೇಲೂ ಕೇಳಬಹುದು.

ಇಷ್ಟೆಲ್ಲ ಹೇಳಿದ್ದರಿಂದ ವಕೀಲರೇ ಬೇಡವೆಂದು ನಾನು ಹೇಳಿದೆನೆಂದು ತಿಳಿಯಬೇಡಿ. ನೆಗಡಿಗೆ ಮನೆಯ ಕಷಾಯ ಸಾಕು, ಕಾಲು ಮುರಿದರೆ ಸಾಲದು. ಮಕ್ಕಳಿಗಾಗಿ ಹೋರಾಟ, ದೊಡ್ಡ ಆಸ್ತಿಯ ವಿವಾದ, ಜೊತೆಗೇ ನಡೆಯುವ ಕ್ರಿಮಿನಲ್ ಮೊಕದ್ದಮೆ, ವಿದೇಶದಲ್ಲಿರುವ ಎದುರುದಾರರು, ಹೊಡೆತ ಬಡಿತದ ಭಯ ಇವುಗಳಲ್ಲಿ ಯಾವುದಿದ್ದರೂ ಬಲ್ಲವರ ನೆರವು ಬೇಕು. ಹಣವಿಲ್ಲವೆಂದು ಆ ನೆರವಿನಿಂದ ವಂಚಿತರಾಗಬೇಕಾಗಿಲ್ಲ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ೧೨ನೆಯ ಕಲಮಿನಂತೆ ಸ್ತ್ರೀಯರಿಗೂ ಮಕ್ಕಳಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಅಂಗವಿಕಲರಿಗೂ ವರಮಾನವೆಷ್ಟೆಂದು ನೋಡದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಇತರರಿಗೆ ವರಮಾನದ ಮಿತಿ ಉಂಟು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರವೂ, ತಾಲ್ಲೂಕಿನಲ್ಲಿ ತಾಲ್ಲೂಕು ಸಮಿತಿಯೂ ಇವೆ. ೧೫೧೦೦ ಎಂಬ ಸಂಖ್ಯೆಗೆ ಫೋನು ಮಾಡಿದರೂ ದಾರಿ ಹೇಳುತ್ತಾರೆ. ಅರ್ಜಿಯನ್ನು ನೀವೇ ಬರೆದು, ಸಲ್ಲಿಸುವ ಮುನ್ನ ಅಲ್ಲಿಯ ವಕೀಲರಿಗೆ ಒಮ್ಮೆ ತೋರಿಸುವುದು ಎಲ್ಲಕ್ಕಿಂತ ಜಾಣತನದ ಕ್ರಮ.

ಡಿಕ್ರಿ ಆದ ಮೇಲೂ ಎರಡು ಮೂರು ಕೆಲಸ ಉಳಿದಿವೆ. ವಿವಾಹ ಕಳೆದ ಡಿಕ್ರಿಯ ಒಂದು ಪ್ರತಿಯನ್ನು ಇಬ್ಬರಿಗೂ ಉಚಿತವಾಗಿ ಕೊಡಬೇಕೆಂದು ಹಿಂದೂ ವಿವಾಹ ಕಾಯಿದೆಯ ೨೩ನೆಯ ಕಲಮಿನಲ್ಲೇ ಇದೆ, ಕೇಳಿ ಪಡೆಯಿರಿ. ಹೆಚ್ಚಿನ ದೃಢೀಕೃತ ನಕಲುಗಳನ್ನೂ ತೆಗೆದಿಡಿ. ಪಾಸ್‌ಪೋರ್ಟು, ಪಡಿತರ ಚೀಟಿ, ಬ್ಯಾಂಕಿನ ವಾರಸುದಾರರ ಹೆಸರು ಇವುಗಳ ಬದಲಾವಣೆಗೆ ಬೇಕಾಗುತ್ತವೆ. ಅಪೀಲಿನ ಅವಧಿ ಕುಟುಂಬ ನ್ಯಾಯಾಲಯಗಳ ಕಾಯಿದೆಯಲ್ಲಿ ಮೂವತ್ತು ದಿನ, ಹಿಂದೂ ವಿವಾಹ ಕಾಯಿದೆಯಲ್ಲಿ ತೊಂಬತ್ತು ದಿನ ಎಂದಿದೆ. ಅಪೀಲು ಹಾಕುವವರು ಮೂವತ್ತರೊಳಗೆ ಹಾಕುವುದು ಕ್ಷೇಮ. ಮರುಮದುವೆ ಯೋಚಿಸುವವರು ತೊಂಬತ್ತು ಕಳೆದು, ಅಪೀಲು ಬಂದಿಲ್ಲವೆಂಬುದನ್ನು ವಿಚಾರಿಸಿಕೊಂಡ ಮೇಲೆ ಹೆಜ್ಜೆಯಿಡುವುದು ಕ್ಷೇಮ.

ಕಡೆಯದಾಗಿ ಒಂದು ಮಾತು. ಸಿಟ್ಟು ಒಂದೆರಡು ವರ್ಷದಲ್ಲಿ ತಣ್ಣಗಾಗುತ್ತದೆ. ಸಿಟ್ಟಿನಲ್ಲಿ ಬರೆದ ಕಾಗದ ಹಾಗೆಯೇ ಉಳಿದಿರುತ್ತದೆ. ಇಂದು ನಿಮ್ಮ ಸೆರಗು ಹಿಡಿದು ನಿಂತ ಮಗು ನಾಳೆ ಬೆಳೆದು, ಬೀರುವಿನಲ್ಲಿರುವ ಆ ಕಟ್ಟನ್ನು ಬಿಚ್ಚಿ ಓದಬಹುದು. ತನ್ನ ತಂದೆಯೂ ತಾಯಿಯೂ ಕೂಡಿ ಬಾಳಲಾರದೆ ಹೋದರೆಂಬುದನ್ನು ಅದು ಅರ್ಥಮಾಡಿಕೊಂಡೀತು. ಆದರೆ ಒಬ್ಬರ ಮೇಲೊಬ್ಬರು ಬರೆದ ಸುಳ್ಳನ್ನು ಅರ್ಥಮಾಡಿಕೊಳ್ಳುವುದು ಅದಕ್ಕೆ ಸುಲಭವಲ್ಲ. ಅರ್ಜಿ ಬರೆದು ಮುಗಿಸಿದ ಮೇಲೆ ರುಜು ಹಾಕುವ ಮುನ್ನ ಒಂದು ರಾತ್ರಿ ಅದನ್ನು ಮುಚ್ಚಿಡಿ. ಬೆಳಗ್ಗೆ ಎದ್ದು, ನಿಮ್ಮ ಮಗುವಿನ ಕಣ್ಣಿನಿಂದ ಒಮ್ಮೆ ಓದಿ ನೋಡಿ. ಹೊಡೆದುಹಾಕಬೇಕೆನಿಸಿದ ಸಾಲುಗಳನ್ನು ಹೊಡೆದುಹಾಕಿ, ಉಳಿದದ್ದಕ್ಕೆ ರುಜು ಹಾಕಿ.